ಹಾರ್ಡ್ ಡಿಸ್ಕ್ ನಂಬಬಹುದೇ? ಅಂಕಿ-ಅಂಶಗಳ ಒಂದು ವಿಮರ್ಶೆ

ಹೊಸ ಗಣಕ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳಲ್ಲಿ ಒಂದು ಎಂದೂ ಬದಲಾಗುವುದಿಲ್ಲ: “ಯಾವ ಕಂಪನಿಯ ಹಾರ್ಡ್ ಡಿಸ್ಕ್ ಒಳ್ಳೆಯದು?” ಉತ್ತರವೂ ಸಿದ್ಧವಾಗಿಯೇ ಇರುತ್ತದೆ. “ಇದನ್ನು ತಗೊಳ್ಳಿ, ಐದು ವರ್ಷದಿಂದ ಬಳಸುತ್ತಿದ್ದೇನೆ, ಏನೂ ಆಗಿಲ್ಲ” ಎನ್ನುತ್ತಾರೆ ಒಬ್ಬರು. “ಅದರ ಹೆಸರೆತ್ತಬೇಡಿ, ನನ್ನದು ಎಂಟೇ ತಿಂಗಳಿಗೆ ಹೋಯಿತು” ಎನ್ನುತ್ತಾರೆ ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಇಬ್ಬರ ಮಾತಿನಿಂದಲೂ ನಿಮಗೆ ಹೆಚ್ಚಿನ ಪ್ರಯೋಜನವಿಲ್ಲ. ಒಂದು ತೆಂಗಿನಕಾಯಿ ಒಡೆದು ನೋಡಿ ಇಡೀ ತೋಟದ ಫಸಲು ಹೇಳಿದ ಹಾಗಾಯಿತು ಇದು.

ಹಾರ್ಡ್ ಡಿಸ್ಕ್‌ಗಳ ವಿಶ್ವಾಸಾರ್ಹತೆಯ ಬಗ್ಗೆ ಪ್ರಕಟವಾಗಿರುವ ಮುಖ್ಯ ವರದಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವು ಏನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ, ನಮಗೆ ಎಷ್ಟರ ಮಟ್ಟಿಗೆ ಅನ್ವಯಿಸುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ. ‘ನಮಗೆ’ ಎಂದರೆ ಯಾರಿಗೆ? ಉದಾಹರಣೆಗಾಗಿ ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯನ್ನೇ ತೆಗೆದುಕೊಳ್ಳಿ. ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿ, ಬಾಬಾಬುಡನ್‌ಗಿರಿ ಸಾಲಿನ ತಪ್ಪಲಲ್ಲಿ ಇರುವ ಹೋಬಳಿ ಕೇಂದ್ರ ಅದು. ಮುಕ್ತ ತಂತ್ರಾಂಶದ ಕೆಲಸಕ್ಕೆ ಬೆಂಗಳೂರಿನ ಕಚೇರಿಯೇ ಬೇಕೆಂದಿಲ್ಲ. ಅಲ್ಲಿನ ಮನೆಯೊಂದರಲ್ಲಿ ಕುಳಿತು ಕನ್ನಡದ ಫಾಂಟ್ ತಿದ್ದುವ, ಲಿನಕ್ಸ್‌ನ ಪರದೆಯ ಮಾತುಗಳನ್ನು ಕನ್ನಡಕ್ಕೆ ತರುವ, ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶ ಬರೆಯುವ ಒಬ್ಬರನ್ನು ಕಲ್ಪಿಸಿಕೊಳ್ಳಿ. ಅವರ ಗಣಕ ಹವಾನಿಯಂತ್ರಿತ ಕೊಠಡಿಯಲ್ಲಿಲ್ಲ. ಮುಂಗಾರಿನಲ್ಲಿ ಗೋಡೆ ಬೆವರುತ್ತದೆ, ಗಾಳಿ ಬೀಸಿದರೆ ವಿದ್ಯುತ್ ಹೋಗುತ್ತದೆ. ಅವರು ಯಾವ ಡಿಸ್ಕ್ ಕೊಳ್ಳಬೇಕು?

ಡಿಸ್ಕ್‌ನ ಒಳಗೆ

ಹಾರ್ಡ್ ಡಿಸ್ಕ್ ಕೆಡುವುದೇಕೆಂದು ತಿಳಿಯಲು ಅದು ನಡೆಯುವುದು ಹೇಗೆಂದು ತಿಳಿದಿರಬೇಕು. ಕಾಂತೀಯ ಲೇಪನವಿರುವ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. 7,200 ಸುತ್ತಿನ ಮೂರೂವರೆ ಅಂಗುಲದ ಡಿಸ್ಕ್‌ನಲ್ಲಿ ತಟ್ಟೆಯ ಅಂಚಿನ ವೇಗ ಗಂಟೆಗೆ 120 ಕಿಲೋಮೀಟರಿಗೂ ಹೆಚ್ಚು. ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ತಟ್ಟೆಗೆ ತಾಗದೆ, ಓದು-ಬರಹದ ತಲೆ ತೇಲುತ್ತಿರುತ್ತದೆ. ಇಷ್ಟು ಸೂಕ್ಷ್ಮವಾದ ಯಂತ್ರ ಕೆಡುತ್ತದೆ ಎಂಬುದು ಆಶ್ಚರ್ಯವಲ್ಲ, ವರ್ಷಗಟ್ಟಲೆ ಕೆಡದೆ ನಡೆಯುತ್ತದೆ ಎಂಬುದೇ ಆಶ್ಚರ್ಯ!

ಹತ್ತು ಲಕ್ಷ ಗಂಟೆಯ ಭರವಸೆ

ತಯಾರಕರು ಕೊಡುವ ತಾಂತ್ರಿಕ ವಿವರಪಟ್ಟಿಯಲ್ಲಿ ‘ವೈಫಲ್ಯಗಳ ನಡುವಿನ ಸರಾಸರಿ ಅವಧಿ 10 ಲಕ್ಷ ಗಂಟೆ’ ಎಂಬಂಥ ಮಾತಿರುತ್ತದೆ. ವರ್ಷಕ್ಕೆ 8,760 ಗಂಟೆಗಳು. ಭಾಗಿಸಿದರೆ ಸುಮಾರು 114 ವರ್ಷ! ಹಾಗಾದರೆ ಈ ಡಿಸ್ಕ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಡೆಯುತ್ತದೆಯೇ? ಖಂಡಿತ ಇಲ್ಲ. ಒಂದು ಊರಿನ ಯುವಕರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರು ಸಾಯುತ್ತಾರೆ ಎಂದುಕೊಳ್ಳಿ. ಇದೇ ಲೆಕ್ಕದಲ್ಲಿ ಅವರ ‘ಸರಾಸರಿ ಅವಧಿ’ ಸಾವಿರ ವರ್ಷ. ಆದರೆ ಅವರಲ್ಲಿ ಯಾರೂ ಸಾವಿರ ವರ್ಷ ಬದುಕುವುದಿಲ್ಲ. ಈ ಸಂಖ್ಯೆ ಆಯುಷ್ಯವನ್ನು ಹೇಳುವುದಿಲ್ಲ. ದೊಡ್ಡ ಗುಂಪೊಂದರಲ್ಲಿ ವರ್ಷಕ್ಕೆ ಎಷ್ಟು ಕೆಡಬಹುದು ಎಂಬ ಅಂದಾಜನ್ನು ಮಾತ್ರ ಹೇಳುತ್ತದೆ. 10 ಲಕ್ಷ ಗಂಟೆ ಎಂದರೆ ವರ್ಷಕ್ಕೆ ಶೇಕಡಾ 0.88.

ಈ ಅಂದಾಜಾದರೂ ನಿಜವೇ? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ 2007ರಲ್ಲಿ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆಗಳನ್ನು ಪರಿಶೀಲಿಸಿದರು. ವಿವರಪಟ್ಟಿಯ ಪ್ರಕಾರ ವರ್ಷಕ್ಕೆ ಶೇಕಡಾ 0.88 ಮೀರಬಾರದಾಗಿದ್ದ ಬದಲಾವಣೆಯ ಪ್ರಮಾಣ ಸಾಮಾನ್ಯವಾಗಿ 2ರಿಂದ 4ರಷ್ಟಿತ್ತು. ಕೆಲವೆಡೆ 13ರವರೆಗೂ ಏರಿತ್ತು. ದುಬಾರಿ ಸರ್ವರ್ ಡಿಸ್ಕ್‌ಗಳು ಅಗ್ಗದವುಗಳಿಗಿಂತ ಕಡಿಮೆ ಕೆಡುತ್ತವೆ ಎಂಬುದಕ್ಕೂ ಅವರಿಗೆ ಸ್ಪಷ್ಟ ಪುರಾವೆ ಸಿಗಲಿಲ್ಲ. ‘ಮೊದಲ ಕೆಲವು ತಿಂಗಳು ದಾಟಿದರೆ ಐದು ವರ್ಷ ಚಿಂತೆಯಿಲ್ಲ’ ಎಂಬ ನಂಬಿಕೆಯೂ ನಿಲ್ಲಲಿಲ್ಲ. ವಯಸ್ಸಾದಂತೆ ವೈಫಲ್ಯ ಏರುತ್ತಲೇ ಹೋಗಿತ್ತು.

ಈ ಅಧ್ಯಯನದಲ್ಲಿ ಒಂದು ಕೊರತೆಯಿದೆ. ಅದು ಎಣಿಸಿದ್ದು ಬದಲಾಯಿಸಿದ ಡಿಸ್ಕ್‌ಗಳನ್ನು, ನಿಜವಾಗಿ ಕೆಟ್ಟವುಗಳನ್ನಲ್ಲ. ಅನುಮಾನ ಬಂದೊಡನೆ ಕಿತ್ತುಹಾಕಿದ ಒಳ್ಳೆಯ ಡಿಸ್ಕ್‌ಗಳೂ ಅದರಲ್ಲಿ ಸೇರಿರಬಹುದು. ಆದರೆ ಬಳಕೆದಾರನ ಪಾಲಿಗೆ, ಕಿತ್ತು ಹಾಕಬೇಕಾಗಿ ಬಂದ ಡಿಸ್ಕ್ ಕೆಟ್ಟ ಡಿಸ್ಕೇ ಅಲ್ಲವೇ?

ಗೂಗಲ್ ಹೇಳಿದ್ದು, ಹೇಳದೆ ಬಿಟ್ಟದ್ದು

ಅದೇ ವರ್ಷ, ಅದೇ ಸಮ್ಮೇಳನದಲ್ಲಿ ಗೂಗಲ್ ಸಂಸ್ಥೆಯ ತಂತ್ರಜ್ಞರೂ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಬಗ್ಗೆ ವರದಿ ಮಂಡಿಸಿದರು. ಇವು ನೀವು ನಾವು ಕೊಳ್ಳುವಂಥ ಸಾಧಾರಣ ಡಿಸ್ಕ್‌ಗಳು. ಸಾಮಾನ್ಯ ಮಿತಿಯೊಳಗಿನ ಉಷ್ಣತೆಗೂ ವೈಫಲ್ಯಕ್ಕೂ ಜನ ಭಾವಿಸಿದಷ್ಟು ಸಂಬಂಧವಿಲ್ಲ ಎಂದು ಅವರು ಕಂಡುಕೊಂಡರು.

ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸಿಕೊಳ್ಳುವ ‘ಸ್ಮಾರ್ಟ್’ ಎಂಬ ವ್ಯವಸ್ಥೆಯನ್ನೂ ಅವರು ಒರೆಗೆ ಹಚ್ಚಿದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ಉಳಿದವುಗಳಿಗಿಂತ 39 ಪಟ್ಟು ಹೆಚ್ಚು. ಹಾಗಾದರೆ ಸ್ಮಾರ್ಟ್ ನಂಬಬಹುದಲ್ಲವೇ? ಅರ್ಧ ಮಾತ್ರ. ಕೆಟ್ಟ ಡಿಸ್ಕ್‌ಗಳಲ್ಲಿ ಶೇಕಡಾ 56ಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆಯೇ ಸತ್ತಿದ್ದವು. ಸ್ಮಾರ್ಟ್ ‘ಅಪಾಯ’ ಎಂದರೆ ನಂಬಿ, ‘ಕ್ಷೇಮ’ ಎಂದರೆ ನಂಬಬೇಡಿ. ಈ ವರದಿಯ ಸಾರ ಇಷ್ಟೇ.

ಇದರ ದೊಡ್ಡ ಲೋಪವೆಂದರೆ ತಯಾರಕರ ಹೆಸರಿಲ್ಲದಿರುವುದು. ಮಾದರಿಯಿಂದ ಮಾದರಿಗೆ ವ್ಯತ್ಯಾಸವಿದೆ ಎಂದು ಬರೆದ ಲೇಖಕರು, ಯಾವುದು ಎಂಬುದನ್ನು ಮಾತ್ರ ಹೇಳಲಿಲ್ಲ. ಓದುಗನಿಗೆ ಬೇಕಿದ್ದ ಒಂದೇ ಒಂದು ಸಂಗತಿ ಅದಾಗಿತ್ತು!

ಹೆಸರು ಹೇಳಿದವರು

ಆ ಕೊರತೆಯನ್ನು ತುಂಬಿದ್ದು ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಗ್ರಹಣಾ ಸಂಸ್ಥೆ. 2013ರಿಂದ ತನ್ನ ಡಿಸ್ಕ್‌ಗಳ ದೈನಂದಿನ ದಾಖಲೆಯನ್ನು ಕೂಡಿಟ್ಟು, ಮಾದರಿಯ ಹೆಸರಿನ ಸಮೇತ ಎಲ್ಲರಿಗೂ ತೆರೆದಿಟ್ಟಿದೆ. ಇದರ ವಾರ್ಷಿಕ ವೈಫಲ್ಯ ಪ್ರಮಾಣ 2020ರಲ್ಲಿ ಶೇಕಡಾ 0.93, 2023ರಲ್ಲಿ 1.70, 2024ರಲ್ಲಿ 1.57. ಮುಕ್ತ ತಂತ್ರಾಂಶದವರು ಮೆಚ್ಚಬೇಕಾದ ಕೆಲಸ ಇದು. ಸಂಸ್ಥೆಯ ತೀರ್ಮಾನವನ್ನು ನಂಬಬೇಕಾಗಿಲ್ಲ, ಕಡತಗಳನ್ನು ಇಳಿಸಿಕೊಂಡು ಲೆಕ್ಕವನ್ನು ನೀವೇ ಮಾಡಬಹುದು.

ಆದರೆ ಈ ಪಟ್ಟಿಗಳನ್ನು ಓದುವಾಗ ಮೂರು ಎಚ್ಚರಗಳು ಬೇಕು.

ಒಂದು, ಸಣ್ಣ ಸಂಖ್ಯೆ. 60 ಡಿಸ್ಕ್‌ಗಳು ಒಂದು ವರ್ಷ ನಡೆದು ಒಂದೂ ಕೆಡದಿದ್ದರೆ ಪಟ್ಟಿಯಲ್ಲಿ ‘ಸೊನ್ನೆ’ ಎಂದು ಕಾಣುತ್ತದೆ. ಆದರೆ ಸಂಖ್ಯಾಶಾಸ್ತ್ರದ ಪ್ರಕಾರ ಅದರ ನಿಜವಾದ ಪ್ರಮಾಣ ಶೇಕಡಾ 5ರವರೆಗೂ ಇರಬಹುದು. ಸೊನ್ನೆಗೆ ಮರುಳಾಗಬೇಡಿ, ಎಷ್ಟು ಡಿಸ್ಕ್, ಎಷ್ಟು ದಿನ ಎಂದು ನೋಡಿ.

ಎರಡು, ಕಂಪನಿ ಬೇರೆ, ಮಾದರಿ ಬೇರೆ. ಸೀಗೇಟ್‌ನ 3 ಟಿಬಿಯ ಒಂದು ಮಾದರಿ ಬ್ಯಾಕ್‌ಬ್ಲೇಜ್‌ನಲ್ಲಿ ವಿಪರೀತವಾಗಿ ಕೆಟ್ಟು, 2016ರಲ್ಲಿ ಅಮೆರಿಕದಲ್ಲಿ ಮೊಕದ್ದಮೆಯವರೆಗೂ ಹೋಯಿತು. ಅದೇ ಕಂಪನಿಯ 4 ಟಿಬಿ ಮಾದರಿ ಅದೇ ಸಂಸ್ಥೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ಕೆಟ್ಟಿತು. 2000ದಲ್ಲಿ ಬಂದ ಐಬಿಎಂನ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಕುಖ್ಯಾತಿ ಪಡೆದಿತ್ತು. ಆ ವಿಭಾಗವನ್ನು ಹಿಟಾಚಿ ಕೊಂಡ ಮೇಲೆ, ಅದೇ ಪರಂಪರೆಯ ಡಿಸ್ಕ್‌ಗಳೇ ಬ್ಯಾಕ್‌ಬ್ಲೇಜ್‌ನ ಮೊದಲ ಪಟ್ಟಿಗಳಲ್ಲಿ ಮೇಲಿನ ಸಾಲಿನಲ್ಲಿದ್ದವು. ಮ್ಯಾಕ್ಸ್‌ಟರ್ 2006ರಲ್ಲಿ, ಸ್ಯಾಮ್‌ಸಂಗ್‌ನ ಹಾರ್ಡ್ ಡಿಸ್ಕ್ ವಿಭಾಗ 2011ರಲ್ಲಿ ಸೀಗೇಟ್‌ಗೆ, ಹಿಟಾಚಿಯದು 2012ರಲ್ಲಿ ವೆಸ್ಟರ್ನ್ ಡಿಜಿಟಲ್‌ಗೆ ಸೇರಿತು. ಈಗ ಉಳಿದಿರುವ ತಯಾರಕರು ಇವೆರಡು ಮತ್ತು ತೋಷಿಬಾ, ಮೂರೇ. ಹೆಸರಿನ ಮೇಲೆ ಪಕ್ಷ ಕಟ್ಟುವುದರಲ್ಲಿ ಅರ್ಥವಿಲ್ಲ.

ಮೂರು, ಕಾಲ. ಒಂದು ಮಾದರಿಯ ಬಗ್ಗೆ ನಾಲ್ಕು ವರ್ಷದ ಅನುಭವ ಕೂಡಿಬರುವ ಹೊತ್ತಿಗೆ ಆ ಮಾದರಿ ಅಂಗಡಿಯಲ್ಲಿ ಇರುವುದಿಲ್ಲ. ಅಟ್ಟ ಮೇಲೆ ಒಲೆ ಉರಿದ ಹಾಗೆ!

ಹೆಂಚಿನ ಮಾಡಿನ ಡಿಸ್ಕ್

ವಿವರಪಟ್ಟಿಯಲ್ಲಿ ನೀವು ನಿಜವಾಗಿ ನೋಡಬೇಕಾದದ್ದು ಬೇರೊಂದಿದೆ. ಹೆಚ್ಚು ದತ್ತಾಂಶ ತುಂಬಲು ಕೆಲವು ಡಿಸ್ಕ್‌ಗಳಲ್ಲಿ ಬರಹದ ಜಾಡುಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿರುತ್ತಾರೆ, ನಮ್ಮ ಮಂಗಳೂರು ಹೆಂಚಿನ ಮಾಡಿನಂತೆ. ಈ ವಿಧಾನಕ್ಕೆ ‘ಎಸ್‌ಎಂಆರ್’ ಎಂದು ಹೆಸರು. ಜಾಡುಗಳು ಬಿಡಿಬಿಡಿಯಾಗಿರುವ ಹಳೆಯ ವಿಧಾನ ‘ಸಿಎಂಆರ್’. ಹೆಂಚಿನ ಮಾಡಿನಲ್ಲಿ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲಿನವನ್ನೂ ಎತ್ತಬೇಕಲ್ಲವೇ? ಇಲ್ಲಿಯೂ ಅಷ್ಟೆ. ಒಂದು ಜಾಡು ತಿದ್ದಲು ಪಕ್ಕದ ಜಾಡುಗಳನ್ನು ಮತ್ತೆ ಬರೆಯಬೇಕು. ದೊಡ್ಡ ಕಡತಗಳನ್ನು ಒಮ್ಮೆ ಬರೆದಿಡಲು ಇದು ಸಾಕು. ಆದರೆ ಸಣ್ಣ ಸಣ್ಣ ಕಡತಗಳನ್ನು ಸದಾ ತಿದ್ದುವ ತಂತ್ರಾಂಶಕಾರರಿಗೆ, ಡಿಸ್ಕ್‌ಗಳ ಜೋಡಣೆಯನ್ನು ಮತ್ತೆ ಕಟ್ಟಬೇಕಾದವರಿಗೆ, ಇದು ತೊಡಕು.

2020ರ ಏಪ್ರಿಲ್‌ನಲ್ಲಿ, ವೆಸ್ಟರ್ನ್ ಡಿಜಿಟಲ್ ತನ್ನ ‘ರೆಡ್’ ಸರಣಿಯ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಈ ವಿಧಾನವನ್ನು ವಿವರಪಟ್ಟಿಯಲ್ಲಿ ಹೇಳದೆಯೇ ಬಳಸಿದ್ದು ಬೆಳಕಿಗೆ ಬಂತು. ಬಳಕೆದಾರರ ಪ್ರತಿಭಟನೆಯ ನಂತರ ಕಂಪನಿ ಪಟ್ಟಿ ಪ್ರಕಟಿಸಿ, ಸಿಎಂಆರ್ ಡಿಸ್ಕ್‌ಗಳಿಗೆ ‘ರೆಡ್ ಪ್ಲಸ್’ ಎಂಬ ಬೇರೆ ಹೆಸರು ಕೊಟ್ಟಿತು. 10 ಲಕ್ಷ ಗಂಟೆಯ ಭರವಸೆಯನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಮಾಡುವ ವಿವರಪಟ್ಟಿ, ಬಳಕೆದಾರನ ಕೆಲಸವನ್ನೇ ನಿರ್ಧರಿಸುವ ಈ ಸಂಗತಿಯನ್ನು ಬಿಟ್ಟುಬಿಟ್ಟಿತ್ತು. ಕೊಳ್ಳುವ ಮೊದಲು ಮಾದರಿ ಸಂಖ್ಯೆ ಹಿಡಿದು ಇದೊಂದನ್ನು ಖಚಿತಪಡಿಸಿಕೊಳ್ಳಿ.

ಮಲೆನಾಡಿನ ತೇವ

ಮೇಲಿನ ವರದಿಗಳೆಲ್ಲ ದತ್ತಾಂಶ ಕೇಂದ್ರಗಳಿಂದ ಬಂದವು. ಲಿಂಗದಹಳ್ಳಿಗೆ ಹತ್ತಿರವಾದ ಒಂದು ಅಧ್ಯಯನವೂ ಇದೆ. ಹೊರಗಿನ ಗಾಳಿಯನ್ನೇ ತಂಪಿಗೆ ಬಳಸುವ ಕೇಂದ್ರಗಳೂ ಸೇರಿದಂತೆ ಮೈಕ್ರೋಸಾಫ್ಟ್‌ನ ಒಂಬತ್ತು ಕೇಂದ್ರಗಳ ಹತ್ತು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2016ರಲ್ಲಿ ಪ್ರಕಟವಾದ ವರದಿ ಅದು. ವೈಫಲ್ಯದ ಮೇಲೆ ಉಷ್ಣತೆಗಿಂತ ಸಾಪೇಕ್ಷ ಆರ್ದ್ರತೆಯ ಪ್ರಭಾವವೇ ಹೆಚ್ಚು, ಅದರಲ್ಲೂ ಪೆಟ್ಟು ಬೀಳುವುದು ನಿಯಂತ್ರಕ ಮಂಡಲ ಮತ್ತು ಸಂಪರ್ಕಗಳಿಗೆ ಎಂದು ಅದು ಹೇಳುತ್ತದೆ. ನಾವು ಗಣಕಕ್ಕೆ ಎರಡು ಫ್ಯಾನ್ ಹೆಚ್ಚಿಗೆ ಹಾಕಿಸುತ್ತೇವೆ, ತೇವದ ಬಗ್ಗೆ ಮಾತ್ರ ಯೋಚಿಸುವುದೇ ಇಲ್ಲ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳವೂ ಮೆತ್ತಗಾಗುವ ಊರಿನಲ್ಲಿ ಯೋಚಿಸಬೇಕಾದದ್ದು ಅದನ್ನೇ. ಗಣಕವನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ. ಮಳೆಗಾಲದಲ್ಲಿ ವಾರಗಟ್ಟಲೆ ಆರಿಸಿಡುವುದಕ್ಕಿಂತ ದಿನಕ್ಕೆ ಸ್ವಲ್ಪ ಹೊತ್ತು ನಡೆಸುವುದು ಮೇಲು, ಒಳಗಿನ ಬಿಸಿಗೆ ತೇವ ಆರುತ್ತದೆ. ಬೀರುವಿನಲ್ಲಿಡುವ ಡಿಸ್ಕ್ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇರಲಿ.

ಎತ್ತರದ ಬಗ್ಗೆ ಮಾತ್ರ ಭಯ ಬೇಡ. ಸಾಮಾನ್ಯ ಡಿಸ್ಕ್‌ಗಳು ಸುಮಾರು 3,000 ಮೀಟರ್ ಎತ್ತರದವರೆಗೆ ನಡೆಯುವಂತೆ ತಯಾರಾಗಿರುತ್ತವೆ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್.

ವಿದ್ಯುತ್ತಿನದು ಬೇರೆಯೇ ಕಥೆ. ನೀವು ‘ಉಳಿಸು’ ಎಂದ ಕ್ಷಣವೇ ಕಡತ ತಟ್ಟೆಯ ಮೇಲೆ ಬರೆದುಹೋಗುವುದಿಲ್ಲ. ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗೆ ತಾತ್ಕಾಲಿಕ ಸ್ಮೃತಿಯಲ್ಲಿ ಕಾಯುತ್ತಿರಬಹುದು. ಆಗ ಕರೆಂಟು ಹೋದರೆ, ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆ ತನ್ನ ಸ್ವಂತ ಲೆಕ್ಕಪುಸ್ತಕವನ್ನು ಕಾಪಾಡಿಕೊಳ್ಳುತ್ತದೆ, ನಿಮ್ಮ ಕೊನೆಯ ಸಾಲುಗಳನ್ನಲ್ಲ. ಮನೆಯ ಇನ್ವರ್ಟರ್‌ನಲ್ಲಿ ‘ಯುಪಿಎಸ್’ ಎಂಬ ಗುಂಡಿಯಿದ್ದರೆ ಅದನ್ನು ಒತ್ತಿಡಿ. ಇಲ್ಲದಿದ್ದರೆ ಒಂದು ಸಣ್ಣ ಯುಪಿಎಸ್ ಕೊಳ್ಳಿ. ದುಬಾರಿ ಡಿಸ್ಕ್‌ಗೆ ಕೊಡುವ ಹೆಚ್ಚುವರಿ ಹಣ ಅದಕ್ಕೆ ಸಂದರೆ ಹೆಚ್ಚು ಸಾರ್ಥಕ.

ಒಂದು ಒಳ್ಳೆಯದೋ, ಎರಡು ಸಾಧಾರಣವೋ?

ಈಗ ಮೊದಲ ಪ್ರಶ್ನೆಗೆ ಬರೋಣ. ವರ್ಷಕ್ಕೆ ಶೇಕಡಾ 1ರಷ್ಟು ಕೆಡುವ ಅತ್ಯುತ್ತಮ ಡಿಸ್ಕ್ ಒಂದನ್ನು ಕೊಂಡಿರಿ ಎನ್ನಿ. ನಿಮ್ಮ ಕೆಲಸ ಕಳೆದುಹೋಗುವ ಸಂಭವ ನೂರಕ್ಕೆ ಒಂದು. ಅದರ ಬದಲು ಶೇಕಡಾ 4ರಷ್ಟು ಕೆಡುವ, ಎಲ್ಲರೂ ಬೈಯುವ ಎರಡು ಡಿಸ್ಕ್ ಕೊಂಡು ಎರಡರಲ್ಲಿಯೂ ಪ್ರತಿಯಿಟ್ಟಿರಿ ಎನ್ನಿ. ಎರಡೂ ಒಂದೇ ವರ್ಷದಲ್ಲಿ ಕೆಡುವ ಸಂಭವ 0.04 ಗುಣಿಸು 0.04, ಅಂದರೆ 0.0016. ಸುಮಾರು 625ಕ್ಕೆ ಒಂದು. ನಾಲ್ಕು ಪಟ್ಟು ಕೆಟ್ಟ ಡಿಸ್ಕ್‌ಗಳ ಜೋಡಿ, ಒಂಟಿ ಉತ್ತಮನಿಗಿಂತ ಆರು ಪಟ್ಟು ಸುರಕ್ಷಿತ! ಯಾವ ಕಂಪನಿ ಎಂಬ ಚರ್ಚೆಯೆಲ್ಲ ಈ ಒಂದು ಗುಣಾಕಾರದ ಮುಂದೆ ಸಣ್ಣದು.

ಆದರೆ ಈ ಲೆಕ್ಕದಲ್ಲಿ ಒಂದು ಷರತ್ತಿದೆ. ಎರಡು ವೈಫಲ್ಯಗಳಿಗೂ ಸಂಬಂಧ ಇರಬಾರದು. ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಜೋಡಿಸಿಟ್ಟರೆ ಒಂದೇ ಸಿಡಿಲಿಗೆ ಎರಡೂ ಹೋಗಬಹುದು. ಒಂದು ಲಿಂಗದಹಳ್ಳಿಯಲ್ಲಿದ್ದರೆ ಇನ್ನೊಂದು ತರೀಕೆರೆಯ ಅಕ್ಕನ ಮನೆಯಲ್ಲಿರಲಿ.

ಪ್ರತಿಬಿಂಬವೂ ಪ್ರತಿಯಲ್ಲ. 2013ರ ಮಾರ್ಚ್‌ನಲ್ಲಿ, ಕನ್ನಡದಲ್ಲಿಯೂ ದೊರೆಯುವ ಕೆಡಿಇ ಯೋಜನೆಯ ಮುಖ್ಯ ಸರ್ವರ್‌ನ ಕಡತ ವ್ಯವಸ್ಥೆ ಹಾಳಾಯಿತು. ಅದರ ಪ್ರತಿಬಿಂಬ ಸರ್ವರ್‌ಗಳು ನಿಷ್ಠೆಯಿಂದ ಆ ಹಾಳನ್ನೇ ನಕಲು ಮಾಡಿಕೊಂಡವು! ಸುಮಾರು 1,500 ಸಂಗ್ರಹಗಳು ಅಪಾಯಕ್ಕೆ ಸಿಲುಕಿದ್ದವು. ಇನ್ನೊಂದು ಸರ್ವರ್‌ನಲ್ಲಿ ಕೆಡದ ಪ್ರತಿಯೊಂದು ಉಳಿದಿದ್ದರಿಂದ ಎಲ್ಲವೂ ಮರಳಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರ ಗಣಕದ ಎಸ್‌ಎಸ್‌ಡಿಯೇ ಸತ್ತಿತು. ಬಹುಪಾಲು ಕೆಲಸ ಆಗಲೇ ಹೊರಗೆ ಹೋಗಿದ್ದರಿಂದ ನಷ್ಟ ಅಲ್ಪ. ಬೆಂಗಳೂರಿನಲ್ಲಿ ಬಹುಮಟ್ಟಿಗೆ ರೂಪುಗೊಂಡು 2011ರಲ್ಲಿ ರೆಡ್ ಹ್ಯಾಟ್ ಪಾಲಾದ ‘ಗ್ಲಸ್ಟರ್’ ಸಂಗ್ರಹಣಾ ತಂತ್ರಾಂಶದ ಹಿಂದಿರುವುದೂ ಇದೇ ತಿಳಿವಳಿಕೆ: ಡಿಸ್ಕ್ ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಂಡು ಮನೆ ಕಟ್ಟು.

ಹಾಗಾದರೆ ಏನು ಕೊಳ್ಳಬೇಕು?

ದಿನನಿತ್ಯದ ಕೆಲಸಕ್ಕೆ ಎಸ್‌ಎಸ್‌ಡಿ ಇರಲಿ. ಲಿನಕ್ಸ್ ಕರ್ನೆಲ್‌ನ ಆಕರದಲ್ಲಿ ಸುಮಾರು 80,000 ಕಡತಗಳಿವೆ. ಸೆಕೆಂಡಿಗೆ ನೂರಕ್ಕಿಂತ ಹೆಚ್ಚು ಕಡೆ ತಲೆ ಸರಿಸಲಾರದ ಹಾರ್ಡ್ ಡಿಸ್ಕ್‌ಗೆ ಅದು ಹೊರೆ. ಪ್ರತಿಗಳಿಗೆ ಎರಡು ಸಿಎಂಆರ್ ಹಾರ್ಡ್ ಡಿಸ್ಕ್‌ಗಳನ್ನು, ಸಾಧ್ಯವಾದರೆ ಬೇರೆ ಬೇರೆ ಕಂಪನಿಯವನ್ನು, ಕೊಳ್ಳಿ. ಬೀರುವಿನಲ್ಲಿ ವರ್ಷಗಟ್ಟಲೆ ಇಡುವ ಪ್ರತಿಗೆ ಎಸ್‌ಎಸ್‌ಡಿ ಬೇಡ. ಬಳಸಿ ಸವೆದ ಸಾಮಾನ್ಯ ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ದತ್ತಾಂಶ ಹಿಡಿದಿಡಬೇಕೆಂದು ಮಾನಕ ಕೇಳುವುದು ಒಂದೇ ವರ್ಷ.

ತಂದ ದಿನವೇ ‘ಸ್ಮಾರ್ಟ್‌ಮಾನ್‌ಟೂಲ್ಸ್’ ಎಂಬ ಮುಕ್ತ ತಂತ್ರಾಂಶದಿಂದ ಪರೀಕ್ಷಿಸಿ. ಹೊಸ ಡಿಸ್ಕ್ ಎಂದರೆ ನಡೆದ ಗಂಟೆ ಸೊನ್ನೆಯ ಹತ್ತಿರವಿರಬೇಕು. 2025ರ ಆರಂಭದಲ್ಲಿ, ಸಾವಿರಾರು ಗಂಟೆ ದುಡಿದ ಸೀಗೇಟ್ ಡಿಸ್ಕ್‌ಗಳನ್ನು ಈ ಲೆಕ್ಕವನ್ನು ಅಳಿಸಿ ಹೊಸವೆಂದು ಮಾರಿದ್ದು ಜರ್ಮನಿಯಲ್ಲಿ ಬಯಲಾಯಿತು. ಆ ಕಂಪನಿಯ ಡಿಸ್ಕ್‌ಗಳಲ್ಲಿ ‘ಫಾರ್ಮ್’ ಎಂಬ ಎರಡನೆಯ ದಾಖಲೆಯನ್ನೂ ಈ ತಂತ್ರಾಂಶದ 7.4 ಆವೃತ್ತಿಯಿಂದೀಚೆಗೆ ಓದಬಹುದು. ನಂತರ ತಿಂಗಳಿಗೊಮ್ಮೆ 5, 187, 197 ಮತ್ತು 198ನೇ ಅಂಶಗಳನ್ನು ನೋಡಿ. ಸಂಖ್ಯೆ ಏರತೊಡಗಿದರೆ ಡಿಸ್ಕ್ ಬದಲಿಸಿ. 199 ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ.

ಕೊನೆಯದಾಗಿ ಒಂದು ಮಾತು. ಕರ್ನೆಲ್‌ನ ಪ್ರತಿ ಜಗತ್ತಿನ ಲಕ್ಷಾಂತರ ಗಣಕಗಳಲ್ಲಿದೆ. ನಿಮ್ಮ ಡಿಸ್ಕ್ ಸತ್ತರೆ ಅದಕ್ಕೇನೂ ಆಗದು. ‘ಗುಬ್ಬಿ’, ‘ನವಿಲು’ ಫಾಂಟ್‌ಗಳೂ ಡೆಬಿಯನ್ ಸಂಗ್ರಹ ಸೇರಿ ಅಂಥ ಭದ್ರತೆ ಪಡೆದಿವೆ. ಆದರೆ ಇನ್ನೂ ಎಲ್ಲಿಗೂ ಕಳಿಸದ ನಿಮ್ಮ ತಿದ್ದುಪಡಿ, ಅಜ್ಜಿಯ ಬಾಯಿಂದ ಧ್ವನಿಮುದ್ರಿಸಿಕೊಂಡ ಪದಗಳು, ಸ್ಕ್ಯಾನ್ ಮಾಡಿದ ಹಾಳೆಗಳು, ನಿಮ್ಮ ಸಹಿಯ ರಹಸ್ಯ ಕೀಲಿ ಇವು ಲಿಂಗದಹಳ್ಳಿಯ ಆ ಒಂದೇ ತಟ್ಟೆಯ ಮೇಲಿವೆ. ಇಂಗ್ಲಿಷಿನಲ್ಲಿ ಒಬ್ಬರು ಕಳೆದುಕೊಂಡದ್ದನ್ನು ಮತ್ತೊಬ್ಬರು ಮಾಡಿಯಾರು. ಕನ್ನಡದಲ್ಲಿ ಅದೇ ಕೆಲಸ ಹಿಡಿದ ಎರಡನೆಯವರು ಹಲವು ಸಲ ಇರುವುದೇ ಇಲ್ಲ. ಆದ್ದರಿಂದ ಯಾವ ಡಿಸ್ಕ್ ಒಳ್ಳೆಯದು ಎಂದು ಕೇಳುವ ಮೊದಲು, ಈ ಕೆಲಸದ ಎರಡನೆಯ ಪ್ರತಿ ಎಲ್ಲಿದೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಉತ್ತರವಿಲ್ಲದಿದ್ದರೆ ಇಂದು ರಾತ್ರಿಯೇ ಒಂದು ಪ್ರತಿ ಮಾಡಿ. ನಾಳೆ ಮಳೆ ಬರಬಹುದು.